ದೊಡ್ಡ ಮಂಗಟ್ಟೆ, ಹಳದಿ ಅಚ್ಚು, ಕಪ್ಪು ಅಚ್ಚು

ಶಿರಸಿ, 20 ಜುಲೈ 2023, ಗುರುವಾರ

ಹೆಸರಿನ ಮೊದಲಕ್ಷರ ‘ಸು’ವಿನ ಜೊತೆ ಮಂಗಟ್ಟೆ ಹಕ್ಕಿ ಇರುವ ಗುರುತಿನ ಅಚ್ಚು. 15×20 ಸೆಂ.ಮೀ. ಅಳತೆಯ ಎರಡು ಲಿನೋ (ಕೆತ್ತಿ ಅಚ್ಚು ಮಾಡುವ ಲಿನೋಲಿಯಂ ಹಾಳೆ) ತುಂಡು, ಹಳದಿಗೊಂದು, ಕಪ್ಪಿಗೊಂದು, ದಪ್ಪ 3.2 ಮಿ.ಮೀ. ಮಳೆಗಾಲದ ಥಂಡಿಗೆ ಲಿನೋ ಬಿರುಸಾಗಿ, ಉಳಿ ತಾಗಿದಲ್ಲಿ ಅಂಚು ಉದುರುತ್ತದೆ. ಕೆತ್ತುವ ಮುಂಚೆ ಬಿಸಿನೀರಿನ ಚೀಲದ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಹದಕ್ಕೆ ಬರುತ್ತದೆ.

ದಾಂಡೇಲಿ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಬರೀ ದಪ್ಪ ಕೊಕ್ಕು ಕೆತ್ತಿದರೆ ಯಾವುದೆಂದು ತಿಳಿಯುವುದಿಲ್ಲ. ದೊಡ್ಡ ಮಂಗಟ್ಟೆಯ ಬಿಳಿ ಬಾಲಕ್ಕೆ ಅಡ್ಡಲಾಗಿ ಒಂದು ಕಪ್ಪು ಪಟ್ಟೆ ಇರುತ್ತದೆ. ಮಲಬಾರಿನ ಕಪ್ಪು-ಬಿಳಿ ಮಂಗಟ್ಟೆಗೆ ಬಾಲದ ನಡುಭಾಗ ಕಪ್ಪು, ಹೊರಗರಿ ಬಿಳಿ. ಆ ಪಟ್ಟೆಯೊಂದು ಸರಿ ಬಂದರೆ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಬಿಡಿಸಬೇಕಿಲ್ಲ, ಪೂರ್ತಿ ಕಪ್ಪು ಬಿಡುವುದೇ ಚೆಂದ.

ದೊಡ್ಡ ಮಂಗಟ್ಟೆಯ ಕೊಕ್ಕು, ಕುತ್ತಿಗೆ, ರೆಕ್ಕೆಪಟ್ಟಿಯ ಹಳದಿ ಹಕ್ಕಿಯೇ ಬಳಿದುಕೊಂಡದ್ದು. ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಮೈಗೆ ಹಚ್ಚಿಕೊಳ್ಳುತ್ತದೆ. ತನ್ನ ಗುರುತಿಗೆ ತಾನೇ ಬಣ್ಣ ಹಾಕಿಕೊಳ್ಳುವ ಹಕ್ಕಿ; ಹೆಸರಿನ ಪಕ್ಕ ಕೂರಿಸಲು ಇದಕ್ಕಿಂತ ತಕ್ಕದ್ದು ನಮ್ಮ ಕಾಡಿನಲ್ಲಿ ಇನ್ನೊಂದಿಲ್ಲ. ಕಣ್ಣಿನ ಬಳೆ ಬಿಳಿ ಬಿಟ್ಟಿರುವುದರಿಂದ ಇದು ಹೆಣ್ಣು. ಗಂಡಿನ ಕಣ್ಣು ಕೆಂಪು, ಅದಕ್ಕೆ ಮೂರನೇ ಅಚ್ಚೇ ಬೇಕು.

ಟ್ರೇಸಿಂಗ್ ಪೇಪರಿನ ಪೆನ್ಸಿಲ್ ಚಿತ್ರವನ್ನು ಲಿನೋ ಮೇಲೆ ಬೋರಲು ಹಾಕಿ ಹಿಂಬದಿ ಉಜ್ಜಿದರೆ ಅಕ್ಷರ ತಾನಾಗಿ ಕನ್ನಡಿಬಿಂಬವಾಗಿ ಕೂರುತ್ತದೆ. ‘ಸು’ವಿನ ಕೊಂಬು ಲಿನೋದಲ್ಲಿ ಎಡಕ್ಕೆ ಬಂದಿದ್ದರೆ ಕಾಗದದಲ್ಲಿ ಬಲಕ್ಕೆ ಬೀಳುತ್ತದೆ. ನಮ್ಮ ಗುಂಡಕ್ಷರಕ್ಕೆ ‘ವಿ’ ಬಾಯಿಯ ಸಣ್ಣ ಉಳಿಯನ್ನು ಅಲುಗಾಡಿಸದೆ ಹಿಡಿದು, ಲಿನೋವನ್ನೇ ತಿರುಗಿಸಬೇಕು. ಗೆರೆಯ ಬದಿ ಹೊರಕ್ಕೆ ಇಳಿಜಾರಾಗಿರಲಿ; ಬುಡ ಕೊರೆದರೆ ಒತ್ತಿದಾಗ ಗೆರೆ ಮುರಿಯುತ್ತದೆ. ಆಳ ಒಂದೂವರೆ ಮಿ.ಮೀ. ಸಾಕು.

ಮೊದಲು ಹಳದಿ. ಅದರ ಆಕಾರ ಕಪ್ಪಿನಡಿಗೆ ಒಂದು ಮಿ.ಮೀ.ನಷ್ಟು ಚಾಚಿರಬೇಕು, ಇಲ್ಲದಿದ್ದರೆ ಕಾಗದ ಕೂದಲೆಳೆಯಷ್ಟು ಸರಿದರೂ ನಡುವೆ ಬಿಳಿ ಸಂದು ಕಾಣುತ್ತದೆ. ಕಾಗದ ಎರಡು ಸಲವೂ ಒಂದೇ ಜಾಗದಲ್ಲಿ ಕೂರಲು ಎರಡು ಅಚ್ಚಿಗೂ ರಟ್ಟಿನ ಒಂದೇ ಮೂಲೆಪಟ್ಟಿ. ಶಾಯಿ ಹೆಚ್ಚಾದರೆ ಸಣ್ಣ ಗೆರೆ ಮುಚ್ಚಿಹೋಗುತ್ತದೆ: ಗಾಜಿನ ಮೇಲೆ ರೋಲರ್ ಎಳೆದಾಗ ಸಣ್ಣಗೆ ಚರಚರ ಎನ್ನಬೇಕು, ಪಿಚಪಿಚ ಎಂದರೆ ಜಾಸ್ತಿಯಾಯಿತು. ಕಾಗದದ ಹಿಂದೆ ಸ್ಟೀಲ್ ಚಮಚದ ಉಬ್ಬುಭಾಗದಿಂದ ನಡುವಿನಿಂದ ಅಂಚಿಗೆ ತಿಕ್ಕಬೇಕು.

ಎಣ್ಣೆ ಶಾಯಿ ಈ ಹವೆಯಲ್ಲಿ ಬೇಗ ಒಣಗದು. ಒದ್ದೆ ಹಳದಿಯ ಮೇಲೆ ಕಪ್ಪು ಒತ್ತಿದರೆ ಕಪ್ಪು ಸರಿಯಾಗಿ ಹಿಡಿಯದೆ ಚುಕ್ಕೆಚುಕ್ಕೆಯಾಗುತ್ತದೆ. ಸೋಮವಾರ ಬೆರಳಿಗೆ ಅಂಟದಿದ್ದರೆ ಕಪ್ಪು ಅಚ್ಚು. ಅಂಟಿದರೆ ಇನ್ನೆರಡು ದಿನ ಹಗ್ಗದ ಮೇಲೇ ಇರಲಿ.