ರಾಜಕೀಯದ ಹಾಸ್ಯ ಇಷ್ಟು ವರ್ಷವಾದರೂ ಏಕೆ ಹಳಸಿಲ್ಲ?

ಸರ್ಬಿಯಾದ ‘ದರ್ಝಾವ್ನಿ ಪೊಸಾವೊ’ ಧಾರಾವಾಹಿಯ ಹಳೆಯ ಕಂತುಗಳನ್ನು ನಾನು ಮತ್ತೆ ಮತ್ತೆ ನೋಡುವುದನ್ನು ಬಲ್ಲವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಅಂದಂದಿನ ರಾಜಕೀಯವನ್ನು ವಿಡಂಬಿಸುವ ಹಾಸ್ಯ ಮರುವರ್ಷಕ್ಕೇ ಹಳಸಬೇಕಲ್ಲವೇ, 2012ರಲ್ಲಿ ಆರಂಭವಾದ ಇದನ್ನು ಜನ ಇಂದಿಗೂ ಏಕೆ ನೋಡುತ್ತಾರೆ?

ಶೀರ್ಷಿಕೆಯ ಅರ್ಥ ‘ಸರ್ಕಾರಿ ಕೆಲಸ’. ಸರ್ಬಿಯಾದ ಉತ್ತರ ಭಾಗದ ವೊಯ್ವೊದಿನಾ ಪ್ರಾಂತ್ಯದ ಸಾರ್ವಜನಿಕ ದೂರದರ್ಶನಕ್ಕಾಗಿ ದಿಮಿತ್ರಿಯೆ ಬಾನ್ಯಾನಿನ್, ನಿಕೊಲಾ ಶ್ಕೊರಿಚ್ ಮತ್ತು ದೇಯಾನ್ ಚಿರ್ಯಾಕೊವಿಚ್ ಇದನ್ನು ರೂಪಿಸಿ, ಮುಖ್ಯ ಪಾತ್ರಗಳನ್ನೂ ತಾವೇ ವಹಿಸಿದರು. ನೋವಿ ಸಾದ್ ನಗರದ ಸರ್ಕಾರಿ ಸಂಸ್ಥೆಯೊಂದರ ದಾಖಲೆ ಕೊಠಡಿಯಲ್ಲಿ ಮೂವರು ನೌಕರರು ಕುಳಿತು ಮಾತನಾಡುತ್ತಾರೆ, ಅಷ್ಟೇ. ಒಂದೊಂದು ಕಂತು ಸುಮಾರು ಹತ್ತು ನಿಮಿಷ. ಕಂತುಗಳ ಸಂಖ್ಯೆ ಸಾವಿರವನ್ನು ದಾಟಿದೆ.

ನನ್ನ ಉತ್ತರವಿರುವುದು ಆ ಕೊಠಡಿಯಲ್ಲಿಯೇ. ಮಂತ್ರಿಯನ್ನು ಗುರಿಯಾಗಿಸಿದ ವಿಡಂಬನೆ ಮಂತ್ರಿಯ ಅಧಿಕಾರದೊಂದಿಗೆ ಮುಗಿಯುತ್ತದೆ. ಆದರೆ ಇಲ್ಲಿ ಆಳುವವರ ಸುದ್ದಿ ಕಡತಗಳ ನಡುವೆ ಕುಳಿತವರ ಬಾಯಿಗೆ ಬಂದಾಗ ಏನಾಗುತ್ತದೆ, ಯಾವುದನ್ನು ಅವರು ನಂಬುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವುದರಿಂದ ತಮಗೆ ಲಾಭವೆಂದು ಲೆಕ್ಕ ಹಾಕುತ್ತಾರೆ ಎಂಬುದೇ ಕಥೆ. ಹೊಟ್ಟೆಪಾಡಿನ ಆ ಲೆಕ್ಕ ಚುನಾವಣೆಯೊಂದಿಗೆ ಬದಲಾಗುವುದಿಲ್ಲ. ಸರ್ಬಿಯನ್ ಆಡುಮಾತಿನಲ್ಲಿ, ಪಕ್ಷದ ಕೃಪೆಯಿಂದ ಸರ್ಕಾರಿ ಹುದ್ದೆ ಹಿಡಿಯುವುದಕ್ಕೆ ರೊಟ್ಟಿಯ ಹೆಸರಿನಿಂದಲೇ ಹುಟ್ಟಿದ ಒಂದು ಕ್ರಿಯಾಪದವಿದೆ. ಅದನ್ನು ಅರಿತ ಮೇಲೆ ಈ ಮೂವರ ಅಂಜಿಕೆ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಇನ್ನು ಭಾಷೆ. ಮೂವರು ನೌಕರರಲ್ಲಿ ಒಬ್ಬನಾದ ಚ್ವಾರ್ಕೋವ್ ವೊಯ್ವೊದಿನಾದ ಬಯಲುಸೀಮೆಯ ಮೂಲನಿವಾಸಿ. ಅವನ ಮಾತು ಸ್ವರಗಳನ್ನು ಎಳೆದೆಳೆದು, ನಿಧಾನವಾಗಿ ಸಾಗುತ್ತದೆ, ಅವನ ಹೆಸರಿನಲ್ಲಿಯೇ ಅಲ್ಲಿಯ ಜನಪ್ರಿಯ ತಿನಿಸಾದ ಹುರಿದ ಹಂದಿ ಕೊಬ್ಬಿನ ತುಣುಕುಗಳ ನೆನಪಿದೆ. ಇನ್ನೊಬ್ಬ ನೌಕರ ತೊರ್ಬಿತ್ಸಾನ ಬೇರುಗಳು ಸರ್ಬಿಯಾದ ಪಶ್ಚಿಮಕ್ಕಿರುವ ಗುಡ್ಡಗಾಡಿನಲ್ಲಿವೆ. ಎರಡನೆಯ ಮಹಾಯುದ್ಧದ ನಂತರ ಸ್ಥಳೀಯ ಜರ್ಮನ್ ನಿವಾಸಿಗಳು ತೊರೆದ ಮನೆಗಳಿಗೂ, 1990ರ ದಶಕದ ಯುದ್ಧಗಳಲ್ಲಿ ನಿರಾಶ್ರಿತರಾಗಿಯೂ, ಆ ಕಡೆಯ ಅಪಾರ ಜನ ವೊಯ್ವೊದಿನಾಕ್ಕೆ ಬಂದು ನೆಲೆಸಿದರು. ಹಳಬರಿಗೂ ಬಂದವರಿಗೂ ನಡುವೆ ಇರುವ ಸಣ್ಣ ಅಸಮಾಧಾನಗಳೆಲ್ಲ ಇವರಿಬ್ಬರ ಉಚ್ಚಾರಣೆಯಲ್ಲಿಯೇ ಕೇಳಿಸುತ್ತವೆ. ಇವರ ನಡುವೆ ಸಿಲುಕಿದ ಮೂರನೆಯವನು ಬೋಶ್ಕಿಚ್ ಮೃದು ಸ್ವಭಾವದವನು. ಅನುವಾದದ ಅಡಿಬರಹದಲ್ಲಿ ಈ ಸೊಗಸು ಬಹುಪಾಲು ಕಳೆದುಹೋಗುತ್ತದೆ ಎಂಬುದು ನನ್ನ ನಿಜವಾದ ಕೊರಗು.

2024ರ ನವೆಂಬರ್ 1ರಂದು ಇದೇ ನೋವಿ ಸಾದ್‌ನಲ್ಲಿ, ನವೀಕರಣಗೊಂಡಿದ್ದ ರೈಲು ನಿಲ್ದಾಣದ ಕಾಂಕ್ರೀಟ್ ಚಾವಣಿ ಕುಸಿದು 16 ಜನ ಪ್ರಾಣ ಕಳೆದುಕೊಂಡರು. ಬೀದಿಗಿಳಿದ ವಿದ್ಯಾರ್ಥಿಗಳ ಮುಖ್ಯ ಬೇಡಿಕೆಗಳಲ್ಲಿ ಒಂದು, ನವೀಕರಣದ ದಾಖಲೆಗಳನ್ನೆಲ್ಲ ಬಹಿರಂಗಪಡಿಸಬೇಕು ಎಂಬುದಾಗಿತ್ತು. ಅಲ್ಲಿಂದೀಚೆಗೆ ಹಳೆಯ ಕಂತುಗಳನ್ನು ನೋಡುವಾಗ, ಮೂವರ ಬೆನ್ನ ಹಿಂದಿನ ಕಪಾಟುಗಳ ಕಡೆಗೇ ನನ್ನ ಕಣ್ಣು ಹೋಗುತ್ತದೆ.