ಮೂರು ಕೆರೆ, ಒಂದು ಗೆಂಡೆ

ಊರಿಂದ ಒಂದು ಗಂಟೆಯ ದಾರಿಯೊಳಗೆ ಮೂರು ಕೆರೆ ಇವೆ ಅಂತ ನಕ್ಷೆ ನೋಡಿ ಹೊರಟವರು ನಾವು. ನಾನು, ಅಕ್ಕ, ಅವಳ ಒಂಬತ್ತು ವರ್ಷದ ಮಗ. ಮೂರು ಭಾನುವಾರ, ಮೂರು ಕೆರೆ. ಸಿಕ್ಕಿದ್ದು ಒಂದೇ ಮೀನು, ಅದನ್ನೂ ವಾಪಸ್ ನೀರಿಗೆ ಬಿಟ್ಟೆವು. ನೀವೂ ಹೀಗೆ ಹೊರಡುವ ಯೋಚನೆಯಲ್ಲಿದ್ದರೆ ನಮ್ಮ ತಪ್ಪುಗಳು ಉಪಯೋಗಕ್ಕೆ ಬರಬಹುದು.

ಮೊದಲ ಕೆರೆಯಲ್ಲಿ ಗಾಳ ಕಾರಿನಿಂದ ಹೊರಗೇ ಬರಲಿಲ್ಲ. ಏರಿ ಮೇಲೆ ನಿಂತಿದ್ದವರೊಬ್ಬರು "ಪರ್ಮಿಟ್ ಇದೆಯಾ?" ಅಂದರು. ಇರಲಿಲ್ಲ. ಕೆರೆ ಎಲ್ಲರದ್ದೇ ಆದರೂ ಮೀನು ಹಿಡಿಯುವ ಹಕ್ಕು ಬೇರೆ ಯಾರದ್ದೋ ಆಗಿರಬಹುದು. ಕೆಲವು ಕಡೆ ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಹಿಡಿಯೋ ಹಾಗಿಲ್ಲ. ಕುಡಿಯುವ ನೀರಿನ ಕೆರೆಯಾದರೆ ದಡಕ್ಕೂ ಬಿಡದಿರಬಹುದು. ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ, ಸುಮ್ನೆ ಪೆಟ್ರೋಲ್ ಸುಡಬೇಡಿ. ನಾವು ಏರಿ ಸುತ್ತ ನಡೆದು, ಹಕ್ಕಿ ನೋಡಿಕೊಂಡು ಬಂದೆವು. ನೀರುಕಾಗೆಯೊಂದು ಮುಳುಗಿ ಮೀನು ಎತ್ತಿಕೊಂಡು ಬಂತು. "ಅದರ ಹತ್ರ ಪರ್ಮಿಟ್ ಇದೆಯಾ ಮಾಮ?" ಅಂದ ಹುಡುಗ.

ಎರಡನೇ ಕೆರೆಯ ನೀರು ಹಸಿರು ಬಣ್ಣದ ಡಬ್ಬಿ ಚೆಲ್ಲಿದ ಹಾಗಿತ್ತು. ಒಂದು ಕಡ್ಡಿ ತಗೊಂಡು ಕಲಕಿ ನೋಡಿ. ಕೂದಲಿನ ಹಾಗೆ ಎಳೆ ಎಳೆಯಾಗಿ ಸುತ್ತಿಕೊಂಡು ಬಂದರೆ ಅದು ಸಾಮಾನ್ಯ ಪಾಚಿ. ಕಡ್ಡಿಗೆ ಪೇಂಟ್ ಬಳಿದ ಹಾಗೆ ಅಂಟಿದರೆ ನೀಲಿ-ಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ, ಆ ನೀರು ಕುಡಿದು ನಾಯಿಗಳು ಸತ್ತದ್ದಿದೆ. ನಮ್ಮ ಕಡ್ಡಿಗೆ ಪೇಂಟೇ ಬಂತು. ಕಾಲು ಕೂಡ ಇಳಿಸದೆ ಹೊರಟೆವು. ಕಡ್ಡಿ ನೋಡಿ ಎಲ್ಲವೂ ಗೊತ್ತಾಗಲ್ಲ ನಿಜ, ಆದರೆ ಅನುಮಾನ ಬಂದ ಮೇಲೆ ಮಕ್ಕಳನ್ನು ಇಳಿಸುವುದು ಬೇಡ.

ಮೂರನೆಯದು ಸರಿಯಾದ ಕೆರೆ. ಪರ್ಮಿಟ್ ಕೈಯಲ್ಲಿತ್ತು. ಬೆಳಕು ಹರಿಯುವ ಮೊದಲೇ ಹೋಗಿ ಕೂತೆವು, ಏಕೆಂದರೆ ಮುಂಜಾನೆ ಮೀನು ಚೆನ್ನಾಗಿ ಕಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ವಾ? ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟ ಬೆಂಡು ಎರಡು ಗಂಟೆ ಅಲ್ಲಾಡಲಿಲ್ಲ. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು ಆಮೇಲೆ ಬಂದು ಕೂತರು. "ಇಲ್ಲಿ ಜೊಂಡು, ಗಿಡ ಜಾಸ್ತಿ. ಬಿಸಿಲು ಸ್ವಲ್ಪ ಏರಲಿ, ನೋಡಿ" ಅಂದರು. ವಿಷಯ ಇಷ್ಟೆ: ನೀರಿನ ಗಿಡಗಳು ಹಗಲು ಆಮ್ಲಜನಕ ಬಿಡುತ್ತವೆ, ರಾತ್ರಿಯೆಲ್ಲ ತಾವೇ ಬಳಸಿಕೊಳ್ಳುತ್ತವೆ. ಹಾಗಾಗಿ ಗಿಡ ತುಂಬಿದ ಕೆರೆಯಲ್ಲಿ ಬೆಳಗಿನ ಜಾವವೇ ಮೀನಿಗೆ ಉಸಿರು ಕಟ್ಟುವ ಹೊತ್ತು. ಬೇಸಿಗೆಯಲ್ಲಿ ಇನ್ನೂ ಕಷ್ಟ, ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ.

ಅವರು ನಮ್ಮ ಜಾಗವನ್ನೂ ಬದಲಿಸಿದರು. ನಾವು ಗಾಳಿ ಬೆನ್ನಿಗೆ ಬೀಸುವ ಕಡೆ ಆರಾಮಾಗಿ ಕೂತಿದ್ದೆವು. ಗಾಳಿ ಹೋಗಿ ಬಡಿಯುವ ಆಚೆ ದಡಕ್ಕೆ ಹೋಗಿ ಅಂದರು, ತೇಲುವ ತಿನಿಸೆಲ್ಲ ಅಲ್ಲಿಗೇ ಸೇರುತ್ತದೆ. ಮುಖಕ್ಕೆ ಗಾಳಿ ಹೊಡೆದರೆ ಹೊಡೆಯಲಿ. ಇನ್ನೊಂದು, ಪಿಸುಮಾತಾಡುವ ಅಗತ್ಯ ಅಷ್ಟೇನಿಲ್ಲ. ಗಾಳಿಯಲ್ಲಿನ ಸದ್ದು ನೀರಿನೊಳಗೆ ಇಳಿಯುವುದು ಬಹಳ ಕಡಿಮೆ. ಆದರೆ ದಡದಲ್ಲಿ ಧಪ್ ಧಪ್ ಅಂತ ಓಡಿದರೆ ಆ ಅದುರು ಮೀನಿಗೆ ತಟ್ಟನೆ ಗೊತ್ತಾಗುತ್ತದೆ. ಹುಡುಗನಿಗೆ ಬೂಟು ಬಿಚ್ಚಿ ಕೂರುವ ಶಿಕ್ಷೆ ಆಯಿತು.

ನನ್ನ ಗಂಟು ಎರಡು ಸಲ ಕಿತ್ತು ಹೋಗಿತ್ತು. ಅದಕ್ಕೂ ಕಾರಣ ಸಿಕ್ಕಿತು. ನೈಲಾನ್ ದಾರವನ್ನು ಒಣಗಿದ್ದ ಹಾಗೇ ಎಳೆದು ಬಿಗಿದರೆ ಉಜ್ಜಿದ ಬಿಸಿಗೆ ಅಲ್ಲೇ ಸೋಲುತ್ತದೆ. ಗಂಟು ಹಾಕಿ, ಒದ್ದೆ ಮಾಡಿ, ನಿಧಾನಕ್ಕೆ ಎಳೆಯಿರಿ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳಿರುತ್ತದಲ್ಲ, ಅದನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮೀನಿಗೂ ಒಳ್ಳೆಯದು, ನಿಮ್ಮ ಹೆಬ್ಬೆರಳಿಗೂ. ನನ್ನ ಹೆಬ್ಬೆರಳು ಇದನ್ನು ತಡವಾಗಿ ಕಲಿಯಿತು. ತೂಕಕ್ಕೆ ಸೀಸದ ಗುಂಡು ಬೇಡ. ನೀರುಹಕ್ಕಿಗಳು ಕಲ್ಲೆಂದು ನುಂಗಿ ಸಾಯುತ್ತವೆ. ಹಂಸಗಳು ಹಾಗೆ ಸತ್ತವೆಂದೇ ಬ್ರಿಟನ್ನಿನಲ್ಲಿ 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು.

ಒಂಬತ್ತೂವರೆಗೆ ಬೆಂಡು ಒಂದು ಸಲ ತಲೆ ಹಾಕಿತು. ಆಮೇಲೆ ಸುಮ್ಮನಾಯಿತು. ಮತ್ತೆ ಅಡ್ಡಡ್ಡ ಜಾರಿ, ಇದ್ದಕ್ಕಿದ್ದಂತೆ ಇಲ್ಲವೇ ಇಲ್ಲ. "ಮಾಮ, ಹೋಯ್ತು, ಹೋಯ್ತು!" ಅಂತ ಹುಡುಗ ಎದ್ದೇಬಿಟ್ಟ. ಅಂಗೈಗಿಂತ ಸ್ವಲ್ಪ ದೊಡ್ಡ ಗೆಂಡೆ. ಬಾಯಿಯ ಎರಡೂ ಪಕ್ಕದಲ್ಲಿ ಎರಡೆರಡು ಮೀಸೆ, ಹುರುಪೆಗಳ ಮೇಲೆ ಹಿತ್ತಾಳೆಯ ಹೊಳಪು. ದವಡೆಯಲ್ಲಿ ಹಲ್ಲಿಲ್ಲ, ಬೆರಳಿಟ್ಟರೂ ಕಚ್ಚಲ್ಲ. ಅದರ ಹಲ್ಲೆಲ್ಲ ಗಂಟಲಲ್ಲಿ. ಬಿಡುವುದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಕೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಮೀನನ್ನು ಸೋಂಕಿನಿಂದ ಕಾಯುವುದೇ ಆ ಲೋಳೆ. ನೀರೊಳಗೆ ಹಿಡಿದುಕೊಂಡಿರಿ, ತಾನಾಗಿ ಬಾಲ ಬೀಸುವವರೆಗೆ. ನಮ್ಮದು ಹೋಗುವಾಗ ಹುಡುಗನ ಮುಖಕ್ಕೆ ನೀರು ಎರಚಿಯೇ ಹೋಯಿತು.

ಹನ್ನೊಂದರ ಹೊತ್ತಿಗೆ ದೂರದಲ್ಲಿ ಗುಡುಗಿತು. ಹಿರಿಯರು ಆಗಲೇ ಕೋಲು ಮಡಚುತ್ತಿದ್ದರು. ಈಗಿನ ಎಷ್ಟೋ ಕೋಲುಗಳು ಕಾರ್ಬನ್ನಿನವು, ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಕಾರು ಸೇರಿ. ತಲೆ ಮೇಲೆ ಕರೆಂಟ್ ತಂತಿ ಹಾದಿರುವ ಕಡೆ ಕೂರಲೇಬೇಡಿ. ದೋಣಿಯ ಬಗ್ಗೆ ಹೆಚ್ಚು ಹೇಳಲಾರೆ, ನಾವು ಹತ್ತಲಿಲ್ಲ. ಲೈಫ್ ಜಾಕೆಟ್ ಇಲ್ಲದ ದೋಣಿಗೆ ಮಕ್ಕಳನ್ನು ಹತ್ತಿಸಬೇಡಿ, ಅಷ್ಟೆ.

ಗಂಟುಮೂಟೆ ಕಟ್ಟುವ ಮೊದಲು ಅಕ್ಕ ಹುಡುಗನಿಗೆ ಖಾಲಿ ಬಾಟಲಿ ಕೊಟ್ಟು, ದಡದಲ್ಲಿ ಬಿದ್ದ ದಾರದ ಚೂರುಗಳನ್ನು ಆರಿಸಲು ಹೇಳಿದಳು. ಹಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಅವನು ಎಂಟು ಚೂರು ತಂದ. ಅದರಲ್ಲಿ ಎರಡು ನನ್ನವೇ.