ಅವ್ವನ ಜೊತೆ ಡ್ಯಾಂಗೆ

ಮೊನ್ನೆ ಭಾನುವಾರ ಅವ್ವನ್ನ ಕರ್ಕೊಂಡು ಬಳ್ಳಾರಿಯಿಂದ ಟಿಬಿ ಡ್ಯಾಂಗೆ, ಅಂದ್ರೆ ತುಂಗಭದ್ರಾ ಡ್ಯಾಂಗೆ ಹೋಗಿದ್ದೆ. ಹೊಸಪೇಟೆ ತನಕ ಅರವತ್ತು ಕಿಲೋಮೀಟರ್ ಚಿಲ್ರೆ, ಬೈಕಲ್ಲೇ ಹೋಗ್ಬಿಡೋಣ ಅಂತ ಮೊದ್ಲು ಅನ್ಕೊಂಡಿದ್ದೆ, ಆದ್ರೆ ತೋರಣಗಲ್ ಕಡೆ ಲಾರಿಗಳು, ಕೆಂಪು ಧೂಳು, ಅವ್ವನ ಸೊಂಟ ನೋವು ಎಲ್ಲಾ ನೆನಪಾಗಿ ಬೇಡ ಅನ್ನಿಸ್ತು. ಟ್ರೈನ್ ಆರಾಮ, ಆದ್ರೆ ಅದರ ಟೈಮಿಗೆ ನಾವು ಕಾಯ್ಬೇಕು. ಕೊನೆಗೆ ಬಸ್ಸೇ. ಶಕ್ತಿ ಯೋಜನೆ ಬಂದ್ಮೇಲೆ ಅವ್ವಂಗೆ ಟಿಕೆಟ್ ದುಡ್ಡಿಲ್ಲ, ಆ ಫ್ರೀ ಚೀಟಿನ ಮಡಚಿ ಮಡಚಿ ಕುಬುಸದೊಳಗೆ ಇಟ್ಕೊಂಡ್ಳು, ವಾಪಸ್ ಮನೆಗೆ ಬರೋವರ್ಗೂ ಬಿಸಾಕ್ಲಿಲ್ಲ.

ಹೊಸಪೇಟೆ ಬಸ್‌ಸ್ಟ್ಯಾಂಡ್ ಹತ್ರ ಒಗ್ಗರಣಿ ಮಿರ್ಚಿ ತಿಂದು ಅಲ್ಲಿಂದ ಆಟೋ. ಡ್ಯಾಂ ಹತ್ತಿರಾನೇ.

ನೀರು ನೋಡಿದ್ಕೂಡ್ಲೆ ಅವ್ವ ಸುಮ್ನಾಗ್ಬಿಟ್ಳು. 33 ಗೇಟ್‌ನೂ ಬೆರಳು ಮಾಡಿ ಎಣಿಸಿದ್ಳು, 2024ರ ಆಗಸ್ಟಲ್ಲಿ ಕೊಚ್ಕೊಂಡು ಹೋಗಿದ್ದ 19ನೇದು ಯಾವುದು ಅಂತ ಕೇಳಿದ್ಳು. ಆಮೇಲೆ, "ನಮ್ಮ ಸಿರುಗುಪ್ಪದ ಗದ್ದೆಗೆ ಬರೋ ನೀರು ಇದೇ ಏನು?" ಅಂದ್ಳು. ಹೂಂ ಅಂದೆ. ಇಷ್ಟು ವರ್ಷ ಕಾಲುವೆ ದಂಡೆ ಮೇಲೆ ನಾಟಿ ಮಾಡಿದಾಕಿ, ಆ ನೀರು ಎಲ್ಲಿಂದ ಬರ್ತದ ಅಂತ ಈಗ ನೋಡ್ತಿದ್ಳು. ನಾನ್ಯಾಕೆ ಇಷ್ಟು ದಿನ ಕರ್ಕೊಂಡು ಬರ್ಲಿಲ್ಲ ಅಂತ ಬಸ್ಸಲ್ಲಿ ಕೂತು ಅದನ್ನೇ ಯೋಚ್ನೆ ಮಾಡ್ತಾ ಬಂದೆ, ಅವ್ವ ನನ್ನ ಭುಜಕ್ಕೆ ಒರಗಿ ಮಲ್ಕೊಂಡಿದ್ಳು.